‘ದ್ವಂದ್ವಾತ್ಮಕ’ ಅಂದ್ರೇನು? ಇಂಡಿಯ ಲಿಂಬೆ ತೋಟದಿಂದ ಮಾರ್ಕ್ಸ್ ತನಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



ಹೋದ ವಾರ ಸಿಂದಗಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿರೋ ಹುಡುಗಿ. ಆಕೆ ಹೇಳಿದ್ದು ಇಷ್ಟು: “ಸರ್, ದ್ವಂದ್ವಾತ್ಮಕ ಭೌತವಾದದ ಮೂರು ನಿಯಮ ಬಾಯಿಪಾಠ ಆಗ್ಯಾವ. ಬರೀ ಅಂದ್ರ ಎರಡು ಪುಟ ಬರೀತೀನಿ. ಆದ್ರ ಅದರ ಅರ್ಥ ಏನು ಅಂತ ನಮ್ಮ ತಮ್ಮ ಕೇಳಿದ್ರ ಹೇಳಾಕ ಬರವಲ್ದು. ಅದು ಯಾತಕ್ಕ ಬೇಕು ಅಂತನೂ ತಿಳಿವಲ್ದು.”

ನಕ್ಕುಬಿಟ್ಟೆ. ಯಾಕಂದ್ರೆ ಬಿ.ಎ. ಓದುವಾಗ ನಾನೂ ಹಾಗೇ ಬರೆದು ಪಾಸಾದವನು. ಅದರ ಅರ್ಥ ನನಗೆ ಕ್ಲಾಸ್‌ರೂಮಿನಲ್ಲಿ ಹೊಳೀಲಿಲ್ಲ. ಇಂಡಿ ತಾಲೂಕಿನ ನಮ್ಮ ಕಾಕಾನ ಲಿಂಬೆ ತೋಟದಲ್ಲಿ, ಗಿಡ ಒಣಗ್ತಿದ್ದ ಒಂದು ಬೇಸಿಗೆಯಲ್ಲಿ ಹೊಳೀತು. ಇವತ್ತು ಆ ದಾರಿಯಲ್ಲೇ ಹೋಗೋಣ.

ಮೊದಲು ಪದದ ಗೊಂದಲ ಬಿಡಿಸೋಣ

ಇಂಗ್ಲಿಷಿನ ‘ಡಯಲೆಕ್ಟಿಕ್ಸ್’ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ಸಂವಾದ ಮಾಡೋದು, ವಾದಿಸೋದು ಅಂತ ಅರ್ಥ. ಪ್ಲೇಟೋ ಬರೆದ ಸಂವಾದಗಳಲ್ಲಿ ಸಾಕ್ರಟೀಸ್ ಮಾಡೋದು ಇದನ್ನೇ. ಎದುರಿನವರ ಮಾತಿನೊಳಗೇ ಇರೋ ವಿರೋಧವನ್ನ ಒಂದೊಂದೇ ಪ್ರಶ್ನೆ ಕೇಳಿ ಹೊರಗೆ ತರ್ತಾನೆ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇಲ್ಲ. ಕೆಲವರು ‘ದ್ವಂದ್ವಾತ್ಮಕ’ ಅಂತಾರೆ, ಕೆಲವರು ‘ಗತಿತಾರ್ಕಿಕ’ ಅಂತಾರೆ. ಎರಡೂ ಅರ್ಧರ್ಧ ಸರಿ. ‘ದ್ವಂದ್ವ’ದಲ್ಲಿ ಎರಡು ಎದುರು ಶಕ್ತಿಗಳಿವೆ, ಆದರೆ ಚಲನೆ ಕಾಣಲ್ಲ. ‘ಗತಿ’ಯಲ್ಲಿ ಚಲನೆ ಇದೆ, ಆದರೆ ಎದುರುಬದುರು ಕಾಣಲ್ಲ. ಮೇಲಾಗಿ ನಾವು ದಿನಾ ‘ದ್ವಂದ್ವದಲ್ಲಿದ್ದೀನಿ’ ಅಂದ್ರೆ ‘ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ’ ಅಂತ ಅರ್ಥ. ಮಾರ್ಕ್ಸ್ ಹೇಳೋ ದ್ವಂದ್ವ ನಮ್ಮ ತಲೆಯೊಳಗಿನ ಗೊಂದಲ ಅಲ್ಲ. ಹೊರಗಿನ ಲೋಕದೊಳಗೆ, ವಸ್ತುಗಳ ಮತ್ತು ಸಂಬಂಧಗಳ ಹೊಟ್ಟೆಯೊಳಗೆ ಇರೋ ಎಳೆದಾಟ.

ಮಾರ್ಕ್ಸ್‌ಗಿಂತ ಮೊದಲು ಜರ್ಮನಿಯ ಹೆಗೆಲ್ (1770–1831) ಇದ್ದ. ಜಗತ್ತು ನಿಂತ ನೀರಲ್ಲ, ಒಳಗಿನ ವಿರೋಧಗಳಿಂದಲೇ ಮುಂದೆ ಸಾಗ್ತದೆ ಅಂದವನು ಅವನು. ಆದರೆ ಅವನ ಪ್ರಕಾರ ಮೂಲದಲ್ಲಿ ಸಾಗೋದು ವಿಚಾರ, ಚೈತನ್ಯ. ಮಾರ್ಕ್ಸ್ (1818–1883) ಅದನ್ನ ತಿರುಗಿಸಿದ. ಜನ ಏನು ಬೆಳೀತಾರೆ, ಹೇಗೆ ದುಡೀತಾರೆ, ಯಾರ ಕೈಯಲ್ಲಿ ಏನಿದೆ, ಆಟ ನಡೆಯೋದು ಅಲ್ಲಿ. ವಿಚಾರಗಳು ಅಲ್ಲಿಂದ ಹುಟ್ತವೆ ಅಂದ. ‘ಬಂಡವಾಳ’ ಗ್ರಂಥದ ಎರಡನೇ ಆವೃತ್ತಿಗೆ 1873ರಲ್ಲಿ ಬರೆದ ಹಿನ್ನುಡಿಯಲ್ಲಿ, ಹೆಗೆಲ್ ಕೈಯಲ್ಲಿ ಈ ವಿಧಾನ ತಲೆಕೆಳಗಾಗಿ ನಿಂತಿದೆ, ಅದನ್ನ ನೇರ ಮಾಡ್ಬೇಕು ಅನ್ನೋ ಅರ್ಥದ ಮಾತು ಬರೆದಿದ್ದಾನೆ.

ಪರೀಕ್ಷೆಗೆ ಓದೋರಿಗೆ ಒಂದು ಕಿವಿಮಾತು. ‘ವಾದ, ಪ್ರತಿವಾದ, ಸಂವಾದ’ ಅನ್ನೋ ಮೂರು ಮೆಟ್ಟಿಲನ್ನ ಗೈಡುಗಳು ಹೆಗೆಲ್ ಹೆಸರಿಗೋ ಮಾರ್ಕ್ಸ್ ಹೆಸರಿಗೋ ಹಚ್ಚಿಬಿಡ್ತವೆ. ಇಬ್ಬರೂ ತಮ್ಮ ವಿಧಾನಕ್ಕೆ ಈ ಸೂತ್ರ ಕೊಟ್ಟಿಲ್ಲ. ‘ದ್ವಂದ್ವಾತ್ಮಕ ಭೌತವಾದ’ ಅನ್ನೋ ಹೆಸರೂ ಮಾರ್ಕ್ಸ್ ಇಟ್ಟಿದ್ದಲ್ಲ, ಆಮೇಲೆ ಬಂದವರು ಇಟ್ಟಿದ್ದು. ನೀವು ಬಾಯಿಪಾಠ ಮಾಡಿದ ಮೂರು ನಿಯಮಗಳನ್ನ ಪಟ್ಟಿ ಮಾಡಿದ್ದು ಅವನ ಗೆಳೆಯ ಎಂಗೆಲ್ಸ್ (1820–1895).

ಬಾಗೇವಾಡಿಯಲ್ಲಿ ಒಂದು ನಿಮಿಷ ನಿಲ್ಲೋಣ

ನಮ್ಮ ಕಡೆಯವರಿಗೆ ಈ ವಿಚಾರದ ಒಂದು ತುದಿ ಈಗಾಗಲೇ ಗೊತ್ತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ 12ನೇ ಶತಮಾನದಲ್ಲಿ ಸ್ಥಾವರ ಮತ್ತು ಜಂಗಮ ಅನ್ನೋ ಎರಡು ಪದಗಳನ್ನ ಎದುರುಬದುರು ನಿಲ್ಲಿಸಿದ. ನಿಂತದ್ದು ಒಂದು, ನಡೆಯೋದು ಒಂದು. ಕಟ್ಟಿದ್ದು ಬೀಳ್ತದೆ, ನಡೆಯೋದು ಉಳೀತದೆ.

ಹಾಗಂತ ಬಸವಣ್ಣ ಮಾರ್ಕ್ಸ್‌ವಾದಿ ಅಂತ ನಾನು ಹೇಳ್ತಿಲ್ಲ. ಅವನದು ಭಕ್ತಿಯ ಮಾತು, ಮಾರ್ಕ್ಸ್‌ನದು ಬಂಡವಾಳದ ವಿಶ್ಲೇಷಣೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ರೆ ಇಬ್ಬರಿಗೂ ಅನ್ಯಾಯ. ಆದರೆ ‘ನಿಂತ ಹಾಗೆ ಕಾಣೋದರ ಒಳಗೆ ಏನು ನಡೀತಿದೆ ನೋಡು’ ಅನ್ನೋ ಅಭ್ಯಾಸ ಇದ್ದವರಿಗೆ ಮುಂದಿನದು ಸುಲಭ.

ಒಂದು ಲಿಂಬೆಹಣ್ಣಿನ ಎರಡು ಮುಖ

ಇಂಡಿಯ ಲಿಂಬೆ ನಿಮಗೆ ಗೊತ್ತು. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ತು, ಅಂದ್ರೆ ಭೌಗೋಳಿಕ ಗುರುತು. ನಮ್ಮ ಕಾಕಾನ ತೋಟದಲ್ಲೂ ಅದೇ ಲಿಂಬೆ.

ಒಂದು ವರ್ಷ ಮಳೆ ಚೆನ್ನಾಗಾಯ್ತು. ಗಿಡ ಬಾಗೋ ಹಂಗೆ ಕಾಯಿ. ಕಾಕಾ ಖುಷಿಯಲ್ಲಿ ಟೆಂಪೋ ತುಂಬಿಸಿ ಮಾರ್ಕೆಟ್‌ಗೆ ಹೋದ. ಸಂಜೆ ಖಾಲಿ ಮುಖ ಹಾಕ್ಕೊಂಡು ಬಂದ. ಕಾಯಿ ಹರಿಯೋ ಕೂಲಿ, ಟೆಂಪೋ ಬಾಡಿಗೆ, ದಲಾಲಿ ಕಳೆದ್ರೆ ಕೈಗೆ ಏನೂ ಉಳಿದಿರಲಿಲ್ಲ. ಇನ್ನೊಂದು ವರ್ಷ ಬೇಸಿಗೆ ಸುಡ್ತಿತ್ತು, ಶರಬತ್ತಿನ ಅಂಗಡಿಯವರು ಲಿಂಬೆಗೆ ಹುಡುಕಾಡ್ತಿದ್ರು, ರೇಟು ಏರಿತ್ತು. ಆಗ ಕಾಕಾನ ಗಿಡದಲ್ಲಿ ಕಾಯೇ ಇರಲಿಲ್ಲ.

“ನನ್ನ ಹಣೇಬರಾನ ಹಿಂಗ ಅದ ತಮ್ಮಾ” ಅಂದ.

ಈಗ ಮಾರ್ಕ್ಸ್ ಹತ್ರ ಹೋಗೋಣ. 1867ರಲ್ಲಿ ಬಂದ ‘ಬಂಡವಾಳ’ದ ಮೊದಲ ಸಂಪುಟ ಶುರುವಾಗೋದು ರಾಜಕೀಯದಿಂದಲ್ಲ, ಕ್ರಾಂತಿಯಿಂದಲ್ಲ. ಮಾರಾಟದ ಸರಕಿನಿಂದ. ಪ್ರತಿ ಸರಕಿಗೂ ಎರಡು ಮುಖ ಅಂತಾನೆ. ಒಂದು ಉಪಯೋಗ ಮೌಲ್ಯ: ಲಿಂಬೆಯ ಹುಳಿ, ರಸ, ಉಪ್ಪಿನಕಾಯಿ. ಇನ್ನೊಂದು ವಿನಿಮಯ ಮೌಲ್ಯ: ಹರಾಜಿನಲ್ಲಿ ಅದಕ್ಕೆ ಏನು ಸಿಗ್ತದೆ ಅನ್ನೋದು.

ಎರಡೂ ಒಂದೇ ಹಣ್ಣಿನೊಳಗಿವೆ, ಒಂದನ್ನ ಬಿಟ್ಟು ಒಂದಿಲ್ಲ. ಯಾರಿಗೂ ಬೇಡದ ಹಣ್ಣಿಗೆ ರೇಟು ಬರಲ್ಲ. ಆದರೂ ಎರಡೂ ಒಂದರ ವಿರುದ್ಧ ಒಂದು ಎಳೀತವೆ. ಒಳ್ಳೆ ಮಳೆಯ ವರ್ಷ ಜನರಿಗೆ ಉಪಯೋಗದ ಹಣ್ಣು ಹೆಚ್ಚಾಯ್ತು, ಅದೇ ಕಾರಣಕ್ಕೆ ಒಂದೊಂದು ಹಣ್ಣಿನ ಬೆಲೆ ಬಿತ್ತು. ನಷ್ಟ ತುಂಬಿಸೋಕೆ ಪ್ರತಿಯೊಬ್ಬ ರೈತನೂ ಇನ್ನಷ್ಟು ಗಿಡ ಹಚ್ಚಿದ. ಎಲ್ಲರೂ ಹಚ್ಚಿದ್ರಿಂದ ಬೆಲೆ ಇನ್ನಷ್ಟು ಬಿತ್ತು. ಕೊಲ್ಹಾರದ ಕಡೆ ಉಳ್ಳಾಗಡ್ಡಿ ಬೆಳೆಯೋರನ್ನ ಕೇಳಿ, ಇದೇ ಕಥೆ ಹೇಳ್ತಾರೆ.

ಇಲ್ಲಿ ಶತ್ರು ಹೊರಗಿಂದ ಬಂದಿಲ್ಲ. ಬೆಳೆ ಚೆನ್ನಾಗಿ ಬಂದದ್ದೇ ಕಷ್ಟಕ್ಕೆ ಕಾರಣ ಆಯ್ತು. ಮಾರ್ಕ್ಸ್ ಭಾಷೆಯಲ್ಲಿ ‘ಆಂತರಿಕ ವಿರೋಧ’ ಅಂದ್ರೆ ಇದು. ಇಬ್ಬರು ಪೈಲ್ವಾನರು ಅಖಾಡದಲ್ಲಿ ಕುಸ್ತಿ ಹಿಡಿದ ಹಾಗಲ್ಲ. ಪೈಲ್ವಾನರು ಕುಸ್ತಿ ಮುಗಿಸಿ ಬೇರೆ ಬೇರೆ ಮನೆಗೆ ಹೋಗ್ತಾರೆ. ಇಲ್ಲಿ ಎರಡೂ ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಇವೆ. ಇದೇ ನಿಮ್ಮ ಪುಸ್ತಕದ ‘ವಿರೋಧಗಳ ಏಕತೆ ಮತ್ತು ಸಂಘರ್ಷ’.

ಬಿಡಿಬಿಡಿಯಾಗಿ ನೋಡೋನು ಹೇಳ್ತಾನೆ: ಬೆಳೆ ಒಳ್ಳೇದು, ಬೆಲೆ ಕೆಟ್ಟದ್ದು, ನಸೀಬು ಖೊಟ್ಟಿ. ದ್ವಂದ್ವಾತ್ಮಕವಾಗಿ ನೋಡೋನು ಕೇಳ್ತಾನೆ: ಈ ಎರಡರ ನಡುವೆ ಇರೋ ಸಂಬಂಧ ಏನು?

ಹೆಣ್ಣಾಳು ಕೇಳಿದ ಮಾತು

ಈ ಪಾಠವನ್ನ ಒಂದು ದಿನ ತೋಟದಲ್ಲಿ ಕೂತು ಜೋರಾಗಿ ಹೇಳ್ತಿದ್ದೆ. ರೈತ ಹೇಗೆ ಸಿಕ್ಕಿಹಾಕ್ಕೊಂಡಿದಾನೆ ಅಂತ. ಕಾಯಿ ಆರಿಸ್ತಿದ್ದ ಒಬ್ಬ ಆಯಿ ತಲೆ ಎತ್ತದೆ ಅಂದಳು: “ರೇಟ್ ಬಿದ್ದರ ನಮ್ಮನ್ನ ಕರಿಯಂಗಿಲ್ಲ. ರೇಟ್ ಏರಿದ್ರ ಅದೇ ಕೂಲಿ. ನಿಮ್ಮ ಪುಸ್ತಕದಾಗ ನಾವು ಎಲ್ಲಿ ಅದೀವ್ರೀ?”

ನಾನು ಸುಮ್ಮನಾದೆ. ‘ರೈತ’ ಅನ್ನೋ ಒಂದು ಪದದೊಳಗೆ ತೋಟದ ಒಡೆಯ ಮತ್ತು ಕೂಲಿಯಾಳು ಇಬ್ಬರನ್ನೂ ಸುತ್ತಿ ಇಟ್ಟಿದ್ದೆ. ನಮ್ಮ ಕಾಕಾ ಮಾರ್ಕೆಟ್ ಎದುರು ಸಣ್ಣವನು, ಆ ಆಯಿಯ ಎದುರು ದೊಡ್ಡವನು. ಎರಡೂ ನಿಜ, ಒಂದೇ ಸಲ ನಿಜ. ವಿಧಾನವನ್ನ ಬೇರೆಯವರ ಮೇಲೆ ಪ್ರಯೋಗ ಮಾಡೋದು ಸುಲಭ. ನಮ್ಮ ಮನೆಯ ಕಟ್ಟೆಗೆ ಅದು ಬಂದಾಗಲೇ ಕಲಿತೀವೋ ಇಲ್ಲವೋ ಗೊತ್ತಾಗೋದು.

ಏಳನೇ ಬೋರು

ಎರಡನೇ ನಿಯಮ: ಪ್ರಮಾಣದ ಬದಲಾವಣೆ ಒಂದು ಹಂತದಲ್ಲಿ ಗುಣದ ಬದಲಾವಣೆ ಆಗ್ತದೆ. ಎಂಗೆಲ್ಸ್ ಕೊಟ್ಟ ಪ್ರಸಿದ್ಧ ಉದಾಹರಣೆ ನೀರು. ಬಿಸಿ ಮಾಡ್ತಾ ಹೋದ್ರೆ 99 ಡಿಗ್ರಿಯಲ್ಲೂ ನೀರು ನೀರೇ, 100 ಆದಾಗ ಆವಿ.

ನಮ್ಮ ಕಾಕಾನ ಲೆಕ್ಕ ಡಿಗ್ರಿಯದಲ್ಲ, ಫೂಟಿನದು. ಮೊದಲ ಬೋರು ಹೊಡೆಸಿದಾಗ ಆತ ಒಣಬೇಸಾಯದಿಂದ ಹೊರಗೆ ಬಂದ. ಎರಡನೇದು, ಮೂರನೇದು. ಪಕ್ಕದವನೂ ಹೊಡೆಸಿದ, ಅವನ ಪಕ್ಕದವನೂ ಹೊಡೆಸಿದ. ಒಬ್ಬೊಬ್ಬರ ಮಟ್ಟಿಗೆ ಎಲ್ಲರ ತೀರ್ಮಾನವೂ ಸರಿ. ಆದರೆ ಮಳೆ ಇಂಗಿಸೋದಕ್ಕಿಂತ ಮೇಲೆತ್ತೋದು ಹೆಚ್ಚಾದ ದಿನ, ಬೋರು ಅನ್ನೋದು ನೀರಿನ ದಾರಿಯಾಗಿ ಉಳೀಲಿಲ್ಲ, ಸಾಲದ ದಾರಿ ಆಯ್ತು. ಅದೇ ಯಂತ್ರ, ಅದೇ ಕೇಸಿಂಗ್ ಪೈಪು. ಗುಣ ಮಾತ್ರ ಬೇರೆ. ಟ್ಯಾಂಕರ್ ನೀರು ಕೊಂಡು ಗಿಡಕ್ಕೆ ಹಾಕಿದ ವರ್ಷಗಳೂ ಬಂದವು.

ಕಾಲುವೆ ನೀರು ಬಂದ ಕಡೆಯೂ ಇದೇ ನಿಯಮ ಬೇರೆ ರೂಪದಲ್ಲಿ ಕಾಣ್ತದೆ. ಎರೆಭೂಮಿಗೆ ಹದವಾಗಿ ನೀರು ಬಿಟ್ರೆ ಬಂಗಾರ. ನೀರು ಬಂತಲ್ಲ ಅಂತ ಬಿಟ್ಟೇ ಬಿಟ್ರೆ, ಬಸಿಯೋ ದಾರಿ ಇಲ್ಲದೆ ಒಳಗಿನ ಉಪ್ಪು ಮೇಲೇರ್ತದೆ. ಹಲವಾರು ವರ್ಷ ಏನೂ ಕಾಣಲ್ಲ. ಒಂದು ವರ್ಷ ಹೊಲದ ಮೈ ಬೆಳ್ಳಗಾಗಿರ್ತದೆ. ಸವಳು-ಜವಳು ಅಂತೀವಲ್ಲ, ಅದು. ಬಂಡವಾಳದ ಬೇಸಾಯ ದುಡಿಯೋನನ್ನ ಮಾತ್ರ ಅಲ್ಲ, ಮಣ್ಣನ್ನೂ ದೋಚ್ತದೆ ಅಂತ ಮಾರ್ಕ್ಸ್ ‘ಬಂಡವಾಳ’ದ ಮೊದಲ ಸಂಪುಟದಲ್ಲೇ ಬರೆದಿದ್ದಾನೆ.

ನೀರಿನ ಮಾತು ಬಂದ ಮೇಲೆ ಆಲಮಟ್ಟಿ ಬಿಡೋಕಾಗಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ರು. ಈಗ 519.60 ಮೀಟರ್ ತನಕ ನೀರು ನಿಲ್ಲಿಸ್ತಾರೆ. 524.256 ಮೀಟರ್‌ಗೆ ಏರಿಸಬಹುದು ಅಂತ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಹೇಳಿತು. ನಡುವಿನ ಅಂತರ 4.656 ಮೀಟರ್. ಇಂಡಿ, ಸಿಂದಗಿಯ ಒಣ ಹೊಲದಲ್ಲಿ ನಿಂತು ನೋಡಿದ್ರೆ ಅದು ನೀರು. ಹಿನ್ನೀರಿನ ದಂಡೆಯ ಊರಲ್ಲಿ ನಿಂತು ನೋಡಿದ್ರೆ ಅದು ಮುಳುಗಡೆ. ಕೃಷ್ಣೆಯ ದಂಡೆಗೆ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಹೊಲ-ಮನೆ ಬಿಟ್ಟು ಎದ್ದವರಿದ್ದಾರೆ, ಹಳೇ ಕೊಲ್ಹಾರ ನೀರಿಗೆ ಹೋಗಿ ಹೊಸ ಕೊಲ್ಹಾರ ಎದ್ದಿತು. ಒಬ್ಬರ ನೀರು, ಇನ್ನೊಬ್ಬರ ಮುಳುಗಡೆ, ಅಳತೆ ಒಂದೇ.

‘ಅಣೆಕಟ್ಟು ಒಳ್ಳೇದಾ ಕೆಟ್ಟದ್ದಾ’ ಅಂತ ಒಂದೇ ಗೆರೆಯ ಉತ್ತರ ಕೇಳೋರಿಗೆ ಈ ವಿಧಾನ ಬೇಜಾರು ಮಾಡ್ತದೆ. ಅದು ಕೇಳೋದು ಯಾರಿಗೆ, ಯಾರ ವೆಚ್ಚದಲ್ಲಿ, ಯಾರು ತೀರ್ಮಾನ ಮಾಡಿದ್ರು ಅಂತ.

ತಾಳಿಕೋಟಿ ಕಡೆಯವರು ಡೋಣಿ ನದಿಯನ್ನ ನೆನೆಸಿಕೊಳ್ಳಿ. ಡೋಣಿ ಹರಿದ್ರೆ ಓಣಿಯೆಲ್ಲಾ ಜೋಳ ಅನ್ನೋ ಗಾದೆ ನಮ್ಮಲ್ಲಿದೆ. ನೀರು ಸವಳು, ತಂದು ಹಾಕೋ ಮಣ್ಣು ಫಲವತ್ತು. ಅದೇ ಹೂಳು ಪಾತ್ರ ತುಂಬಿದಾಗ ಹೊಳೆ ಹೊಲಕ್ಕೆ ನುಗ್ಗಿ ಪೀಕು ಹಾಳು ಮಾಡ್ತದೆ. ಪೋಷಿಸಿದ್ದೇ ನಾಶ ಮಾಡ್ತು. ನಮ್ಮ ಹಿರಿಯರು ಇದನ್ನ ನೋಡಿದ್ರು, ಹೆಸರಿಟ್ಟಿರಲಿಲ್ಲ ಅಷ್ಟೇ.

ಬಿತ್ತಿದ ಕಾಳು, ಬೀಸಿದ ಕಾಳು

ಮೂರನೇ ನಿಯಮ: ನಿಷೇಧದ ನಿಷೇಧ. ಹೆಸರೇ ಹೆದರಿಸ್ತದೆ. ಎಂಗೆಲ್ಸ್ ಜವೆಗೋಧಿಯ ಕಾಳಿನ ಉದಾಹರಣೆ ಕೊಟ್ಟ, ನಾವು ಬಿಳಿಜೋಳ ಅನ್ನೋಣ. ಕಾಳು ಮಣ್ಣಿಗೆ ಬಿದ್ದು ಕಾಳಾಗಿ ಇಲ್ಲವಾಗ್ತದೆ, ಸಸಿ ಆಗ್ತದೆ. ಸಸಿ ಬೆಳೆದು ಒಣಗಿ ಇಲ್ಲವಾಗ್ತದೆ, ತೆನೆ ಕೊಡ್ತದೆ. ಮತ್ತೆ ಕಾಳೇ ಬಂತು. ಆದರೆ ಒಂದಲ್ಲ, ತೆನೆ ತುಂಬ.

ಕಾಳನ್ನ ಬೀಸಿ ರೊಟ್ಟಿ ಮಾಡಿದ್ರೂ ಅದು ಇಲ್ಲವಾಗ್ತದಲ್ಲ? ಎಂಗೆಲ್ಸ್ ಅದನ್ನೂ ಯೋಚಿಸಿದ್ದ. ಬೀಸಿದ್ರೆ ಕಥೆ ಅಲ್ಲಿಗೇ ಮುಗೀತು, ಮುಂದಿನ ಹೆಜ್ಜೆ ಇಲ್ಲ. ಹಳೇದನ್ನ ಸುಟ್ಟುಹಾಕೋದು ನಿಷೇಧ ಅಲ್ಲ. ಹಳೇದರಿಂದ ಬೇಕಾದ್ದನ್ನ ಒಳಗಿಟ್ಟುಕೊಂಡು ಮುಂದೆ ಹೋಗೋದು ನಿಷೇಧ.

ಇತಿಹಾಸದಲ್ಲಿ ಇದು ಹೇಗೆ? ಹೊಟಗಿಯಿಂದ ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ಮೇಲೆ ಗದಗಕ್ಕೆ ಹೋಗೋ ರೈಲು ಇದೆಯಲ್ಲ, ಅದು ಬಂದದ್ದು 1880ರ ದಶಕದಲ್ಲಿ, 1876–78ರ ಭೀಕರ ಬರದ ಬೆನ್ನಿಗೆ. ಅದಕ್ಕೂ ಮೊದಲೇ, 1853ರಲ್ಲಿ, ನ್ಯೂಯಾರ್ಕಿನ ಒಂದು ಪತ್ರಿಕೆಗೆ ಭಾರತದ ಬಗ್ಗೆ ಬರೀತಾ ಮಾರ್ಕ್ಸ್ ಹೇಳಿದ್ದ: ಬ್ರಿಟಿಷರು ರೈಲು ಹಾಕೋದು ಹತ್ತಿ ಸಾಗಿಸೋ ತಮ್ಮ ಲಾಭಕ್ಕೆ, ಆದರೆ ಅದು ಅವರು ಬಯಸದೇ ಇರೋದನ್ನೂ ಹುಟ್ಟಿಸ್ತದೆ.

ಬರದ ಸೀಮೆಯಿಂದ ಜನ ದುಡಿಮೆ ಹುಡುಕಿಕೊಂಡು ಸೊಲ್ಲಾಪುರದ ಬಟ್ಟೆ ಗಿರಣಿಗಳಿಗೆ ಹೋದ್ರು. ಊರಲ್ಲಿ ಚದುರಿ ಇದ್ದವರು ಅಲ್ಲಿ ಒಂದೇ ಗೇಟಿನ ಮುಂದೆ ನಿಂತ್ರು. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರ ಸಿಡಿದೆದ್ದಿತು. ಗಿರಣಿ ಕಾರ್ಮಿಕರು ಬೀದಿಗಿಳಿದ್ರು, ಸರ್ಕಾರ ಮಾರ್ಷಲ್ ಲಾ ಹೇರಿತು. 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಸೇರಿ ನಾಲ್ವರಿಗೆ ಗಲ್ಲು ಆಯ್ತು. ಸಾಮ್ರಾಜ್ಯದ ಲಾಭಕ್ಕೆ ಬೆಳೆದ ಶಹರವೇ ಸಾಮ್ರಾಜ್ಯದ ವಿರೋಧಿಗಳನ್ನ ಒಂದೆಡೆ ಕೂಡಿಸಿತು.

ಈ ವಿಧಾನಕ್ಕೆ ಮಿತಿ ಇಲ್ಲವಾ?

ಇದೆ. ಮುಚ್ಚಿಟ್ರೆ ಮೋಸ ಆಗ್ತದೆ.

ಒಂದು, ಎಲ್ಲದಕ್ಕೂ ‘ಇದು ವಿರೋಧ, ಅದು ನಿಷೇಧ’ ಅಂತ ಲೇಬಲ್ ಹಚ್ಚಬಹುದು. ಲೇಬಲ್ ಹಚ್ಚಿದ ಮಾತ್ರಕ್ಕೆ ಏನೂ ತಿಳಿದಂಗಾಗಲ್ಲ. ವಿರೋಧಗಳನ್ನ ಹಾಗೇ ಒಪ್ಪಿಕೊಂಡ್ರೆ ವಿಮರ್ಶೆಯೇ ಸಾಯ್ತದೆ ಅಂತ ತತ್ವಜ್ಞಾನಿ ಕಾರ್ಲ್ ಪಾಪರ್ 1940ರಲ್ಲೇ ವಾದಿಸಿದ. ಎರಡು, ಸ್ಟಾಲಿನ್ 1938ರಲ್ಲಿ ಇದನ್ನ ಅಧಿಕೃತ ಪಾಠ ಮಾಡಿದ. ಪ್ರಶ್ನೆ ಕೇಳೋ ವಿಧಾನ ಬಾಯಿಪಾಠದ ಉತ್ತರ ಆಯ್ತು. 1948ರಲ್ಲಿ ಸೋವಿಯತ್ ದೇಶದಲ್ಲಿ ಲೈಸೆಂಕೋನ ಗುಂಪು ಇದೇ ತತ್ವದ ಹೆಸರು ಹೇಳಿ ತಳಿವಿಜ್ಞಾನವನ್ನ ತುಳೀತು. ಮೂರು, ಅಂಬೇಡ್ಕರ್ 1936ರಲ್ಲೇ ಎತ್ತಿದ ಮಾತು: ಜಾತಿ ಅನ್ನೋದು ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಮೇಲೆ-ಕೆಳಗೆ ಹಂಚಿದ್ದು. ಬಡತನ ಒಂದೇ ಇದ್ದ ಮಾತ್ರಕ್ಕೆ ಜನ ಒಂದಾಗಿಬಿಡಲ್ಲ. ನಮ್ಮೂರಲ್ಲಿ ಚಹಾದ ಕಪ್ಪು ಬೇರೆ ಇಟ್ಟಿದ್ದನ್ನ ನೋಡಿದ ಯಾರಿಗೂ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ದರಿಂದ ಇದನ್ನ ಮಂತ್ರದ ಹಾಗೆ ಹಿಡಿಬೇಡಿ. ಟಾರ್ಚಿನ ಹಾಗೆ ಹಿಡಿದು ನೋಡಿ. ಬೆಳಕು ಬೀಳೋ ಕಡೆ ಕಾಣ್ತದೆ, ಆದರೆ ಕಣ್ಣು ನಿಮ್ಮದೇ ಇರ್ಬೇಕು.

ಕಾಕಾ ಏನು ಮಾಡಿದ?

ಏಳನೇ ಬೋರಿಗೆ ಸಾಲ ಮಾಡೋ ಮೊದಲು ಕಾಕಾನ ಎದುರು ನಾನು ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಆತ ಒಂದೇ ಮಾತು ಕೇಳಿದ: “ಹಂಗಾದ್ರ ಏನ್ ಮಾಡ್ಲಿ ಹೇಳು. ಗಿಡ ಒಣಗೂದು ನೋಡಕೋತ ಕೂಡ್ಲೇನು?”

ನನ್ನ ಹತ್ರ ಉತ್ತರ ಇರಲಿಲ್ಲ. ಆತ ಬೋರು ಹೊಡೆಸಿದ. ಧೂಳು ಬಂತು. ಮರುವರ್ಷ ಅರ್ಧ ತೋಟ ಕಡಿದು ಸೌದೆಗೆ ಕೊಟ್ಟ. ಸಾಲ ತೀರಿಸೋಕೆ ಅವನ ಮಗ ಪುಣೆಗೆ ಗುಳೆ ಹೋದ.

ಬಹಳ ವರ್ಷ ಕಾಕಾ ‘ತಪ್ಪು ನಂದೇ’ ಅಂತಿದ್ದ. ಇಲ್ಲ. ಆತ ಪ್ರತಿ ಸಲವೂ ತನ್ನ ಕೈಲಾದ ಸರಿಯಾದ ತೀರ್ಮಾನವನ್ನೇ ತಗೊಂಡ. ಎಲ್ಲರ ಸರಿ ತೀರ್ಮಾನ ಕೂಡಿ ಎಲ್ಲರ ಸೋಲಾಯ್ತು. ಇದನ್ನ ತಿಳಿದ್ರೆ ನೀರು ಬರಲ್ಲ, ಒಪ್ತೀನಿ. ಆದರೆ ಕಾರಣ ಹಣೆಯಲ್ಲಿ ಇಲ್ಲ ಅಂದಾಗ, ಪರಿಹಾರವೂ ಒಬ್ಬನ ಬೆನ್ನ ಮೇಲೆ ಇರಬೇಕಾಗಿಲ್ಲ. ಪುಣೆಯಿಂದ ತಿರುಗಿ ಬಂದ ತಮ್ಮ ಈಗ ಪಕ್ಕದ ನಾಲ್ಕು ಹೊಲದವರ ಜೊತೆ ಮಾತಾಡ್ತಿದ್ದಾನೆ. ಹೊಸ ಬೋರು ಬೇಡ, ಇದ್ದ ನೀರಿಗೆ ಪಾಳಿ ಹಚ್ಚೋಣ, ಒಂದು ಕೃಷಿ ಹೊಂಡ ತೆಗೆಯೋಣ ಅಂತ. ಜಗಳವೂ ನಡೀತಿದೆ. ಕೂಲಿಯ ಮಾತು ಇನ್ನೂ ಯಾರೂ ಎತ್ತಿಲ್ಲ. ಆ ಆಯಿಯ ಪ್ರಶ್ನೆ ಹಾಗೇ ಇದೆ.

ಸಿಂದಗಿಯ ತಂಗಿ, ನಿಮ್ಮ ತಮ್ಮ ಕೇಳಿದ್ರೆ ಹೀಗೆ ಹೇಳಿ. ಯಾವುದೇ ವಿಷಯ ಎದುರು ಬಂದಾಗ ನಾಲ್ಕು ಪ್ರಶ್ನೆ ಕೇಳು. ಇದು ಮೊದಲಿಂದ ಹೀಗೇ ಇತ್ತಾ? ಇದು ಯಾವುದರ ಜೊತೆ ಸಂಬಂಧದಲ್ಲಿದೆ? ಇದರೊಳಗೆ ಯಾವುದು ಯಾವುದನ್ನ ಎಳೀತಿದೆ? ಇದು ಹೀಗೇ ಹೆಚ್ಚಾಗ್ತಾ ಹೋದ್ರೆ ಏನಾಗಿ ಬದಲಾಗ್ತದೆ? ಮೂರು ನಿಯಮ ಮರೆತ್ರೂ ನಡೀತದೆ, ಈ ನಾಲ್ಕು ನೆನಪಿರಲಿ. ಪರೀಕ್ಷೆಯಲ್ಲಿ ಮಾತ್ರ ಮೂರನ್ನೇ ಬರೀರಿ.

ನಿಮ್ಮೂರಿನ ಇಂಥ ಒಂದು ಎಳೆದಾಟ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಎರಡು ನಿಮಿಷದ ಒಳಗಿರಲಿ, ಫ್ಯಾನ್ ಬಂದ್ ಮಾಡಿ ರೆಕಾರ್ಡ್ ಮಾಡಿ. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ, ನಮಸ್ಕಾರ.